ಮುಳುಗಡೆ ಮನೆಗಳ ಕಾಗದಪತ್ರ: ಇಂಟರ್ನ್‌ಶಿಪ್ ಎಲ್ಲಿಗೆ ಬಂತು

ಶುರುವಿನ ವಾರಗಳು

ಪದವಿಯ ಕೊನೆಯ ವರ್ಷಕ್ಕೆ ಇಂಟರ್ನ್‌ಶಿಪ್ ಕಡ್ಡಾಯ. ನಮ್ಮ ಬಿ.ಎ. ಕ್ಲಾಸಿನವರು ಪತ್ರಿಕೆ, ಎನ್‌ಜಿಒ, ಪಂಚಾಯಿತಿ ಅಂತ ಹಂಚಿಹೋದರು. ನನ್ನ ಪಾಲಿಗೆ ಬಂದದ್ದು ಊರಿನ ಕೆಲವರೇ ಸೇರಿ ನಡೆಸುತ್ತಿರುವ ಒಂದು ಸಣ್ಣ ದಾಖಲೆ ಸಂಗ್ರಹ. ಸಾಗರ ತಾಲ್ಲೂಕಿನ ಸುತ್ತಮುತ್ತ ಶರಾವತಿ ಹಿನ್ನೀರಿಗೆ ಊರು ಕಳೆದುಕೊಂಡ ಮನೆಗಳಲ್ಲಿ ಉಳಿದಿರುವ ಕಾಗದ, ಫೋಟೊ, ಹಿರಿಯರ ಮಾತು ಇವನ್ನೆಲ್ಲ ಪ್ರತಿ ಮಾಡಿ, ಪಟ್ಟಿ ಮಾಡಿ ಇಡುವುದು ಕೆಲಸ. ಆಫೀಸು ಅಂದರೆ ಗ್ರಂಥಾಲಯದ ಹಿಂದಿನ ಒಂದು ಕೋಣೆ, ಹಳೇ ಲ್ಯಾಪ್‌ಟಾಪ್, ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್, ಎರಡು ಹಾರ್ಡ್ ಡಿಸ್ಕ್. ಮಳೆ ಬಂದರೆ ಕರೆಂಟು ಇರುವುದಿಲ್ಲ. ನಾಡಿಗೆಲ್ಲ ಕರೆಂಟು ಕೊಡಲು ಮುಳುಗಿದ ಸೀಮೆಯಲ್ಲಿ ಕೂತು ಯುಪಿಎಸ್ ಕೀಂಯ್ ಅನ್ನುವುದನ್ನು ಕೇಳುವುದು ಒಂಥರಾ ತಮಾಷೆಯೇ.

ಈ ಕಡೆಯ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಹೋಗುತ್ತಿದ್ದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯಿಂದ. ಆಮೇಲೆ ನದಿಯ ಕೆಳಭಾಗದಲ್ಲಿ ಲಿಂಗನಮಕ್ಕಿ ಎದ್ದಿತು. 1964ರಲ್ಲಿ ಅದು ಮುಗಿದಾಗ ಹಿರೇಭಾಸ್ಕರವೇ ನೀರಡಿಗೆ ಹೋಯಿತು. ಮೊದಲ ಅಣೆಕಟ್ಟೆಗೆ ಜಾಗ ಬಿಟ್ಟು ಮೇಲೆ ಬಂದು ಮನೆ ಕಟ್ಟಿದ್ದ ಕೆಲವರು ಎರಡನೇ ಅಣೆಕಟ್ಟೆಗೆ ಮತ್ತೆ ಎದ್ದರು. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುವ "ಗರಿಷ್ಠ ಮಟ್ಟ 1819 ಅಡಿ" ಅನ್ನುವ ಸಾಲಿನ ಕೆಳಗೆ ಇರುವುದು ಈ ಊರುಗಳೇ. ನೀರು ತೀರ ಇಳಿದ ಬೇಸಿಗೆಯಲ್ಲಿ ಹಿರೇಭಾಸ್ಕರ ಹೊರಗೆ ಕಾಣುತ್ತದೆ, ಎಂಜಿನಿಯರ್ ಗಣೇಶ ಅಯ್ಯರ್ ವಿನ್ಯಾಸದ, ಹೆಚ್ಚಿನ ನೀರು ಹೊರಹಾಕುವ ಸೈಫನ್‌ಗಳ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಣೆಕಟ್ಟೆಯ ಬಗ್ಗೆ ಬರಹ, ನಕ್ಷೆ, ಫೋಟೊ ಬೇಕಾದಷ್ಟಿವೆ. ಅದರ ಹಿಂದೆ ಮುಳುಗಿದ ಮನೆಗಳ ಬಗ್ಗೆ ಹುಡುಕಿದರೆ ಸಿಗುವುದು ಎಕರೆ ಲೆಕ್ಕ.

ಕಾಗದ ಮನೆ ಬಿಟ್ಟು ಬರುವುದಿಲ್ಲ

ಮೊದಲು ಇದ್ದ ಯೋಜನೆ ಸರಳ: ಕಾಗದ ತಂದುಕೊಡಿ, ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ. ಯಾರೂ ತರಲಿಲ್ಲ. ಕಾರಣ ಒಬ್ಬರು ಮಾವ ನೇರವಾಗಿ ಹೇಳಿದರು: "ಅಪ್ಪಯ್ಯ ಒಂದು ಸಲ ಕಾಗದ ಆಫೀಸಿಗೆ ಕೊಟ್ಟಿದ್ದ. ಅದು ಇವತ್ತಿಗೂ ಬಂದಿಲ್ಲ. ನಿನಗೆ ಹೆಂಗೆ ಕೊಡ್ಲಿ ತಂಗಿ?" ಮುಳುಗಡೆಯವರಿಗೆ ಆಗ ಕೊಟ್ಟ ಜಾಗ ಬಹಳಷ್ಟು ಕಾಡಿನ ಜಾಗ. ಅದರ ಹಕ್ಕಿನ ತಕರಾರು ಇನ್ನೂ ಮುಗಿದಿಲ್ಲ, ಹೋರಾಟ ನಡೆಯುತ್ತಲೇ ಇದೆ. ಹಾಗಾಗಿ ನಮಗೆ ಇತಿಹಾಸವಾಗಿ ಕಾಣುವ ಕಾಗದ ಅವರ ಮನೆಯಲ್ಲಿ ಇನ್ನೂ ಕೇಸಿನ ಕಾಗದ. ಪ್ಲಾಸ್ಟಿಕ್ ಕವರಿನೊಳಗೆ ಕವರು, ಅದನ್ನು ಸುತ್ತಿದ ಬಟ್ಟೆ, ಅದು ದೇವರ ಗೂಡಿನ ಹಿಂದೆ.

ಈಗ ನಾವೇ ಮನೆಗೆ ಹೋಗುತ್ತೇವೆ. ಫ್ಲಾಟ್‌ಬೆಡ್ ಹೊತ್ತುಕೊಂಡು ತಿರುಗಲು ಆಗುವುದಿಲ್ಲ, ಅದಕ್ಕೆ ಜಗುಲಿಯಲ್ಲಿ ಕಪ್ಪು ಬಟ್ಟೆ ಹಾಸಿ, ಮೇಲಿನಿಂದ ನೇರ ಕೆಳಗೆ ನೋಡುವಂತೆ ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ, ಪಕ್ಕದಲ್ಲಿ ಅಳತೆ ಪಟ್ಟಿ ಮತ್ತು ಬಣ್ಣದ ಕಾರ್ಡ್ ಇಟ್ಟು ತೆಗೆಯುತ್ತೇವೆ. ಫ್ಲಾಶ್ ಬೇಡ, ಬಾಗಿಲ ಬೆಳಕೇ ಸಾಕು. ಮನೆಯವರು ಪಕ್ಕದಲ್ಲೇ ಕೂತು ಒಂದೊಂದೇ ಕಾಗದ ಕೈಗೆ ಕೊಡುತ್ತಾರೆ, ತೆಗೆದ ತಕ್ಷಣ ವಾಪಸ್ ತೆಗೆದುಕೊಳ್ಳುತ್ತಾರೆ. ಇದು ನಿಧಾನ. ಆದರೆ ಕಾಗದ ಕೊಡುವಾಗ ಅದರ ಕತೆಯೂ ಬರುತ್ತದೆ. ಆಫೀಸಿಗೆ ತರಿಸಿದ್ದರೆ ಕಾಗದ ಮಾತ್ರ ಬರುತ್ತಿತ್ತು.

ಮಲೆನಾಡಿನ ಕಾಗದಕ್ಕೆ ಶತ್ರು ಥಂಡಿ. ಗೋಡೆ ಕಪಾಟಿನಲ್ಲಿ ಇಟ್ಟದ್ದು ಬೂಷ್ಟು ಹಿಡಿದಿರುತ್ತದೆ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟದ್ದು ಹೊಗೆ ಕುಡಿದು ಕಂದು ತಿರುಗಿದ್ದರೂ ಗಟ್ಟಿಯಾಗಿರುತ್ತದೆ. ಇವೆರಡಕ್ಕಿಂತ ಹೆಚ್ಚು ಹಾಳು ಮಾಡಿದ್ದು ಪ್ರೀತಿಯಿಂದ ಮಾಡಿಸಿದ ಲ್ಯಾಮಿನೇಷನ್ ಮತ್ತು ಸೆಲ್ಲೊಟೇಪ್. ಟೇಪಿನ ಅಂಟು ಹಳದಿಯಾಗಿ ಅಕ್ಷರದ ಮೇಲೆ ಕೂತರೆ ಬಿಡಿಸುವ ದಾರಿ ನಮ್ಮ ಕೈಲಿಲ್ಲ. ಹೋದ ಮನೆಯಲ್ಲೆಲ್ಲ ನಾನು ಬಿಟ್ಟೂಬಿಡದೆ ಹೇಳುವ ಮಾತು ಇದೊಂದೇ: ಟೇಪ್ ಹಚ್ಚಬೇಡಿ, ತುಕ್ಕು ಹಿಡಿದ ಗುಂಡುಪಿನ್ನು ಮೆಲ್ಲಗೆ ತೆಗೆಯಿರಿ, ಬಿಳಿ ಕಾಗದದ ನಡುವೆ ಇಡಿ.

ಇಸವಿ ಇಲ್ಲದ ರಸೀದಿ

ಈ ತಿಂಗಳು ನನ್ನ ತಲೆ ತಿಂದದ್ದೂ, ಖುಷಿ ಕೊಟ್ಟದ್ದೂ ಒಂದು ಗೇಣಿ ರಸೀದಿಯ ಕಟ್ಟು. ಗೇಣಿ ಅಂದರೆ ಉಳುವವರು ಭೂಮಿಯ ಧಣಿಗೆ ಅಳೆಯುವ ಪಾಲು. ಅಂಗೈ ಅಗಲದ ತೆಳು ಕಾಗದ, ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲಿನ ಬರಹ. ನೀರು ತಾಗಿದ ಕಡೆ ಬಣ್ಣ ಹರಡಿ ಅಕ್ಷರ ಊದಿಕೊಂಡಿವೆ. ಭತ್ತದ ಲೆಕ್ಕ ಹಳೇ ಅಳತೆಯಾದ ಖಂಡುಗ, ಕೊಳಗದಲ್ಲಿ. ತಾರೀಕಿನ ಜಾಗದಲ್ಲಿ ಇಸವಿ ಇಲ್ಲ, ಸಂವತ್ಸರದ ಹೆಸರು, ತಿಂಗಳು, ತಿಥಿ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. "ವಿಕಾರಿ" ಅಂತಿದ್ದರೆ ಅದು 1899–1900 ಇರಬಹುದು, 1959–60 ಇರಬಹುದು, 2019–20 ಕೂಡ ಇರಬಹುದು. ಯಾವುದೆಂದು ಹೇಳುವುದು ಪಕ್ಕದ ಸುಳಿವುಗಳು. ಹಣದ ಲೆಕ್ಕ ಆಣೆ, ಪೈಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ಅಲ್ಲಿಂದ ನಯಾಪೈಸೆ ಶುರು. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಆಣೆ ಲೆಕ್ಕದ ನಾಲಿಗೆ ಅಷ್ಟು ಬೇಗ ಬದಲಾಗಲಿಲ್ಲ, ಬರೆಯುವ ಕೈಯೂ ಅಷ್ಟೆ. ರೆವಿನ್ಯೂ ಸ್ಟಾಂಪ್ ಇದ್ದರೆ ಅದರ ಮೇಲಿನ ಬೆಲೆ ಹೆಚ್ಚು ನಂಬಿಕಸ್ಥ. ಅದೇ ಮನೆಯ ಒಂದು ಲಗ್ನಪತ್ರಿಕೆಯಲ್ಲಿ "ವಿಕಾರಿ ನಾಮ ಸಂವತ್ಸರದ ವೈಶಾಖ ಶುದ್ಧ" ಅಂತಿತ್ತು, ಮದುಮಗಳು ಈಗಿನ ಅಜ್ಜಿ. ಹಾಗಾದರೆ 1959ರ ಮೇ. ಅಜ್ಜಿಗೆ ಹೇಳಿದೆ. "ಹೌದು, ಹಲಸಿನ ಹಣ್ಣಿನ ಕಾಲ" ಅಂದರು, ಅವರಿಗೆ ಇಸವಿ ಬೇಕಿರಲಿಲ್ಲ.

ಕಟ್ಟಿನಲ್ಲಿ ರಸೀದಿಗಳು ಶೋಭಕೃತ್‌ಗೆ ನಿಲ್ಲುತ್ತವೆ. ಅಂದರೆ 1963–64. ಮರುವರ್ಷ ಕ್ರೋಧಿ, ಗದ್ದೆ ನೀರಲ್ಲಿ. ರಸೀದಿ ಬರೆಯಲು ಏನೂ ಇಲ್ಲ.

ಇಲ್ಲೇ ನನಗೆ ಕ್ಲಾಸಿನಲ್ಲಿ ಓದಿದ ಎರಡು ಪಾಠ ಒಂದಕ್ಕೊಂದು ತಾಗಿದವು. ಗೇಣಿ ಅಂದರೆ ಸಾಗರದವರಿಗೆ ಇಲ್ಲಿನ ಕಾಗೋಡು ಅನ್ನುವ ಹಳ್ಳಿಯ ಸತ್ಯಾಗ್ರಹ ನೆನಪಾಗುತ್ತದೆ. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತದ್ದು, ಧಣಿಗಳು ಗೇಣಿ ಅಳೆಯುವ ಕೊಳಗದ ಅಳತೆಯ ವಿಚಾರಕ್ಕೆ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಆಗಲೇ. ಮುಂದೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು, ನಮೂನೆ 7ರಲ್ಲಿ ಡಿಕ್ಲರೇಷನ್ (ಗೇಣಿ ಭೂಮಿಯ ಹಕ್ಕು ಕೇಳುವ ಅರ್ಜಿ) ಹಾಕಿದವರಿಗೆ ಉಳುವ ಭೂಮಿ ಸಿಕ್ಕಿತು. ಈ ಕತೆ ಎಲ್ಲರಿಗೂ ಗೊತ್ತು, ಪರೀಕ್ಷೆಯಲ್ಲೂ ಕೇಳುತ್ತಾರೆ. ಆದರೆ ಅದಕ್ಕೆ ಹತ್ತು ವರ್ಷ ಮುಂಚೆ ಗೇಣಿ ಗದ್ದೆಯೇ ಮುಳುಗಿದವರು ಯಾವುದರ ಮೇಲೆ ಡಿಕ್ಲರೇಷನ್ ಹಾಕಬೇಕಿತ್ತು? ಖಾತೆ ಧಣಿಯ ಹೆಸರಲ್ಲಿ, ಪರಿಹಾರದ ಪಟ್ಟಿಯಲ್ಲೂ ಧಣಿಯ ಹೆಸರೇ ಇತ್ತು ಅನ್ನುತ್ತಾರೆ ಆ ಮನೆಯ ಮಾವ. ತಲೆಮಾರುಗಳಿಂದ ಅಲ್ಲಿ ಉತ್ತಿದ್ದರು ಅನ್ನುವುದಕ್ಕೆ ಅವರ ಹತ್ತಿರ ಇರುವುದು ಈ ನೇರಳೆ ಬರಹದ ಕಟ್ಟು ಒಂದೇ. ಸಮುದಾಯದ ದಾಖಲೆ ಸಂಗ್ರಹ ಯಾಕೆ ಬೇಕು ಅಂತ ವರದಿಯಲ್ಲಿ ಒಂದು ಪುಟ ಬರೆಯಬೇಕಂತೆ. ನಾನು ಈ ಕಟ್ಟಿನ ಫೋಟೊ ಹಾಕಿ ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ.

ಅದೇ ಮನೆಯಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಮರದ ಕೊಳಗ ಇತ್ತು, ಈಗ ಅದರಲ್ಲಿ ಒಣಮೆಣಸು. ಖಾಲಿ ಮಾಡಿಸಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಅಕ್ಕಿ ತುಂಬಿ ತಲೆ ಸವರಿ ಎಷ್ಟು ಲೀಟರ್ ಹಿಡಿಯುತ್ತದೆ ಅಂತಲೂ ನಮೂದಿಸಿದೆವು. ಇನ್ನಷ್ಟು ಮನೆಯ ಕೊಳಗ ಅಳೆದರೆ ಹೋಲಿಸಬಹುದು. ಮಾರ್ಗದರ್ಶಕರಿಗೆ ಇದು ಹುಚ್ಚಾಟ ಅನ್ನಿಸಿದೆ, ಬೇಡ ಅಂತಲೂ ಹೇಳಿಲ್ಲ.

"ಸ್ಥಳ" ಅನ್ನುವ ಕಾಲಂ

ಪ್ರತಿ ವಸ್ತುವಿಗೂ ಒಂದು ಸಾಲು: ಗುರುತಿನ ಸಂಖ್ಯೆ, ಏನು, ಯಾರದ್ದು, ಯಾವಾಗ, ಎಲ್ಲಿ, ಯಾರು ಕೊಟ್ಟರು, ಯಾರು ನೋಡಬಹುದು. ಹೆಚ್ಚೂಕಮ್ಮಿ, ದಾಖಲೆ ಪಟ್ಟಿ ಮಾಡಲು ಎಲ್ಲೆಡೆ ಬಳಸುವ ಮಾದರಿಯಾದ ಡಬ್ಲಿನ್ ಕೋರ್‌ನ ಕಾಲಂಗಳೇ. ಎಲ್ಲ ಸಲೀಸು, "ಎಲ್ಲಿ" ಒಂದು ಬಿಟ್ಟು. ಕಾಗದ ಬರೆದ ಊರು ನೀರಡಿಯಲ್ಲಿದೆ. ಕಾಗದ ಸಿಕ್ಕ ಊರು ಅಲ್ಲಿಂದ ಎಷ್ಟೋ ಮೈಲಿ ದೂರ, ಬೇರೆ ಹೋಬಳಿ, ಕೆಲವೊಮ್ಮೆ ಬೇರೆ ತಾಲ್ಲೂಕು. ಮೊದಲಿದ್ದ ಹಾಳೆಯಲ್ಲಿ ಈಗಿನ ವಿಳಾಸ ಮಾತ್ರ ತುಂಬಲು ಜಾಗ. ಹಾಗೆ ತುಂಬಿದರೆ ಮುಳುಗಿದ ಊರು ನಮ್ಮ ಪಟ್ಟಿಯಲ್ಲೂ ಇನ್ನೊಂದು ಸಲ ಮುಳುಗಿದ ಹಾಗೆ.

ಚರ್ಚೆ ಮಾಡಿ ಮೂರು ಕಾಲಂ ಮಾಡಿದ್ದೇವೆ: ಕಾಗದದಲ್ಲಿ ಇರುವಂತೆ ಊರು, ಈಗ ಸಿಕ್ಕ ಊರು, ಮತ್ತು ಊರಿನ ಗುರುತು ಹೇಳಿದವರು ಯಾರು. ಹೆಸರು ಸರಿಯೇ ಅಂತ ತಾಳೆ ನೋಡಲು 1961ರ ಜನಗಣತಿಯ ಊರಪಟ್ಟಿ ಹಿಡಿದಿದ್ದೇವೆ, ಲಿಂಗನಮಕ್ಕಿ ತುಂಬುವುದಕ್ಕಿಂತ ಮೊದಲಿನ ಕೊನೆಯ ಗಣತಿ ಅದೇ. ಅದರಲ್ಲಿರುವುದು ಕಂದಾಯ ಗ್ರಾಮ ಮಾತ್ರ. ಜನ ಹೇಳುವುದು ಕೇರಿ, ಮಜರೆ, ಹೊಳೆ ದಂಡೆ, "ದೊಡ್ಡ ಹುಣಸೆ ಮರದ ಆಚೆ ಮನೆ". ಇನ್ನೂ ಹಿಂದಕ್ಕೆ ಹೋಗಬೇಕಾದರೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಇದೆ. 1904ರದ್ದು, ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಶಾಸನ ಸಿಕ್ಕ ಊರಿನ ಹೆಸರು ಅಲ್ಲಿ ಬೇರೆ ಥರ ಬರೆದಿರುತ್ತದೆ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳದೆ ಎರಡೂ ರೂಪ ಬರೆದಿಡುತ್ತೇವೆ.

ನಕ್ಷೆಗೆ ಸರ್ವೆ ಆಫ್ ಇಂಡಿಯಾದ 48 ಜೆ ಶ್ರೇಣಿಯ ಹಳೇ ಹಾಳೆ, ಮೈಲಿಗೆ ಒಂದಿಂಚಿನದು, ಹುಡುಕುತ್ತಿದ್ದೇವೆ. ಸಿಕ್ಕ ಒಂದು ಹಾಳೆಯ ಪ್ರತಿಯನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ನೀಲಿ ನೀರಿನ ಮೇಲೆ ರಸ್ತೆ, ಬಾವಿ, ಗುಡಿಯ ಗುರುತು ತೇಲಿದವು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತುಮರಿ ಕಡೆಯ ಒಂದು ಮನೆಗೆ ಒಯ್ದೆವು. ಅಲ್ಲಿವರೆಗೆ "ಎಂಥದೂ ನೆನಪಿಲ್ಲ" ಅನ್ನುತ್ತಿದ್ದ ಅಜ್ಜ ಕನ್ನಡಕ ತರಿಸಿ, ನಕ್ಷೆಯನ್ನು ತಿರುಗಿಸಿ ಹೊಳೆ ತನ್ನ ಕಡೆ ಹರಿಯುವಂತೆ ಇಟ್ಟುಕೊಂಡು, ಮನೆ ಮನೆ ಹೆಸರು ಹೇಳುತ್ತಾ ಹೋದರು. ನಕ್ಷೆಯಲ್ಲಿಲ್ಲದ ಒಂದು ಕಾಲುದಾರಿ ಬರೆಯಲು ಪೆನ್ಸಿಲ್ ಕೇಳಿದರು. ಈಗ ರೆಕಾರ್ಡಿಂಗ್‌ಗೆ ಹೋಗುವಾಗ ಪ್ರಶ್ನೆಪಟ್ಟಿಗಿಂತ ಮೊದಲು ನಕ್ಷೆ ಬಿಚ್ಚುತ್ತೇವೆ.

ಹಸೆ, ದನಿ, ಒಪ್ಪಿಗೆ

ಈ ಕಡೆಯ ದೀವರ ಸಮುದಾಯದ ಮನೆಯ ಗೋಡೆಯ ಹಸೆ ಚಿತ್ತಾರ ಈಗ ಫ್ರೇಮಿನಲ್ಲಿ, ಬಟ್ಟೆಯ ಮೇಲೆ ಎಲ್ಲ ಸಿಗುತ್ತದೆ. ಮುಳುಗಿದ ಮನೆಯ ಗೋಡೆಯ ಹಸೆ ಮಾತ್ರ ಗೋಡೆಯ ಜತೆಗೇ ಹೋಯಿತು. ಒಬ್ಬ ಅಜ್ಜಿ ತಾನು ಹುಡುಗಿಯಾಗಿದ್ದಾಗ ತಾಯಿ ಬರೆಯುತ್ತಿದ್ದುದನ್ನು ನೆನಪಿನಿಂದ ಬರೆದು ತೋರಿಸಿದರು. ಕೆಮ್ಮಣ್ಣು ಬಳಿದ ಹಲಗೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಒಂದು ಗೆರೆ ಎಳೆಯುವಾಗ ಉಸಿರು ಕಟ್ಟಿ, ಗೆರೆ ಮುಗಿದ ಮೇಲೆ ಮಾತಾಡುತ್ತಿದ್ದರು. ವಿಡಿಯೊ ಇದೆ. ಪಟ್ಟಿಯಲ್ಲಿ ಇದರ ಕರ್ತೃ ತಾಯಿಯೋ ಮಗಳೋ, ಕಾಲ ಯಾವುದು? ಇಬ್ಬರ ಹೆಸರನ್ನೂ ಹಾಕಿದೆ, ಕಾಲದ ಕಾಲಂನಲ್ಲಿ ಈ ವರ್ಷ ಬರೆದು ಟಿಪ್ಪಣಿ ಸೇರಿಸಿದೆ. ಗ್ರಂಥಾಲಯ ವಿಜ್ಞಾನದವರು ಒಪ್ಪದಿದ್ದರೆ ಜಗಳಕ್ಕೆ ಸಿದ್ಧ.

ದನಿಗೆ ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್. ಕಾಗದಕ್ಕೆ ಟಿಫ್ ಮೂಲ, ನೋಡಲು ಜೆಪೆಗ್. ಡಿಸ್ಕ್ ಎರಡು, ಇಡುವ ಊರೂ ಎರಡು. ಹಿಂದಿನ ತಂಡ ಅಕ್ಷರಕ್ಕೆ ಇಳಿಸಿದ್ದ ಸಂದರ್ಶನಗಳು ಹಳೇ ನುಡಿ ಫಾಂಟಿನಲ್ಲಿದ್ದವು, ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಸ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ, ಒತ್ತಕ್ಷರ ಕೆಟ್ಟ ಕಡೆ ಆಡಿಯೊ ಕೇಳಿ ತಿದ್ದುತ್ತಿದ್ದೇನೆ. ಬೇಜಾರಿನ ಕೆಲಸ, ಅದರ ಬಗ್ಗೆ ಇಷ್ಟು ಸಾಕು.

ಒಪ್ಪಿಗೆ ಪತ್ರ ಮೂರು ಬಗೆ: ಎಲ್ಲರೂ ನೋಡಬಹುದು, ಕೇಳಿದವರಿಗೆ ಮಾತ್ರ, ಮನೆಯವರಿಗೆ ಮಾತ್ರ. ಓದಿ ಹೇಳಿ, ದನಿಯಲ್ಲೂ ಒಪ್ಪಿಗೆ ರೆಕಾರ್ಡ್ ಮಾಡುತ್ತೇವೆ. ಮದುವೆ ಫೋಟೊಕ್ಕೆ "ಎಲ್ಲರೂ", ಜಮೀನಿನ ಕಾಗದಕ್ಕೆ "ಮನೆಯವರು" ಅನ್ನುವುದು ಸಾಮಾನ್ಯ. ಸರ್ವೆ ನಂಬರ್ ಕಾಣುವ ಯಾವ ಚಿತ್ರವನ್ನೂ ಹೊರಗೆ ಹಾಕುವುದಿಲ್ಲ ಅಂತ ನಾವೇ ಕಟ್ಟಳೆ ಮಾಡಿಕೊಂಡಿದ್ದೇವೆ. ಸಂಶೋಧಕರಿಗೆ ಇದು ಕಿರಿಕಿರಿ ಅನ್ನಿಸಬಹುದು. ಆಗಲಿ.

ಮುಂದೆ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್ ಕಾಯುವ ಕಾಲ ಮುಗಿದಿದೆ. ದಶಕಗಟ್ಟಲೆ ಜನ ಓಡಾಡಿದ ಲಾಂಚಿನ ಟಿಕೆಟ್ ಒಂದಾದರೂ ಸಂಗ್ರಹಕ್ಕೆ ಬೇಕು ಅಂತ ಕೇಳುತ್ತಿದ್ದೇನೆ. ಇಷ್ಟರವರೆಗೆ ಕೇಳಿದವರೆಲ್ಲ ನಕ್ಕಿದ್ದಾರೆ, ಯಾರು ಇಟ್ಟುಕೊಳ್ಳುತ್ತಾರೆ ಅದನ್ನ ಅಂತ. ಲಾಂಚಿನಲ್ಲಿ ಹೋದ ದಿಬ್ಬಣ, ಹೆರಿಗೆಗೆ ಹೊರಟವರು, ಕೊನೇ ಲಾಂಚ್ ತಪ್ಪಿ ದಡದಲ್ಲೇ ರಾತ್ರಿ ಕಳೆದವರ ಮಾತು ರೆಕಾರ್ಡ್ ಮಾಡುವುದು ಮುಂದಿನ ಕಂತು. ಲಾಂಚ್ ನಡೆಸುತ್ತಿದ್ದ ನಿವೃತ್ತರೊಬ್ಬರು ಮಾತಾಡಲು ಒಪ್ಪಿದ್ದಾರೆ, ಮೊಮ್ಮಗಳ ನಾಮಕರಣ ಮುಗಿದ ಮೇಲೆ ಬನ್ನಿ ಅಂದಿದ್ದಾರೆ.

ಕೆಳದಿಯ ವಸ್ತುಸಂಗ್ರಹಾಲಯಕ್ಕೂ ಒಂದು ದಿನ ಹೋಗಬೇಕು. ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಆ ಸಂಗ್ರಹದಲ್ಲಿ ತಾಳೆಗರಿಯ ಕಟ್ಟುಗಳನ್ನು ಹೇಗೆ ಪಟ್ಟಿ ಮಾಡಿದ್ದಾರೆ, ನಂಬರು ಹೇಗೆ ಹಾಕಿದ್ದಾರೆ ನೋಡಬೇಕು. ಅಷ್ಟರೊಳಗೆ ಗೇಣಿ ಕಟ್ಟಿನ ಉಳಿದ ರಸೀದಿಗಳಿಗೆ ಸಂವತ್ಸರ ಹೊಂದಿಸಿ ಮುಗಿಸಬೇಕು. ಎರಡು ರಸೀದಿಯಲ್ಲಿ ಸಂವತ್ಸರದ ಹೆಸರಿನ ಮೇಲೇ ನೀರಿನ ಕಲೆ ಕೂತಿದೆ. "ವಿ" ಮಾತ್ರ ಕಾಣುತ್ತದೆ: ವಿಳಂಬಿಯೂ ಆಗಬಹುದು, ವಿಕಾರಿಯೂ ಆಗಬಹುದು. ಗೇಣಿ ಬರೆದ ಕೈ ಎರಡರಲ್ಲೂ ಒಂದೇ, ಭತ್ತದ ಲೆಕ್ಕ ಬೇರೆ ಬೇರೆ. ಆ ಎರಡು ವರ್ಷದ ಬೆಳೆ ಹೇಗಿತ್ತು ಅಂತ ಮಾವನ ಹತ್ತಿರ ಕೇಳಿ ನೋಡುತ್ತೇನೆ.