ಹಳೇ ಗಿರಣಿಯಲ್ಲಿ 3,500 ಕಿಲೋಮೀಟರ್ ಕಾಲುದಾರಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಐ-81 ಹೆದ್ದಾರಿಯ 37ನೇ ಎಕ್ಸಿಟ್‌ನಲ್ಲಿ ಇಳಿದು, 233ನೇ ರಸ್ತೆಯಲ್ಲಿ ದಕ್ಷಿಣಕ್ಕೆ 13 ಕಿ.ಮೀ. ಹೋದರೆ ಪೈನ್ ಗ್ರೋವ್ ಫರ್ನೇಸ್ ಸ್ಟೇಟ್ ಪಾರ್ಕ್. ಸ್ವಂತ ವಾಹನ ಬೇಕೇ ಬೇಕು. ಕಾಡೊಳಗೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಕಾಳು ಬೀಸುತ್ತಿದ್ದ ಇಲ್ಲಿನ ಹಳೆಯ ಗಿರಣಿಯಲ್ಲೇ 2010ರಲ್ಲಿ ಅಪಲಾಚಿಯನ್ ಟ್ರೇಲ್ ಎಂಬ 3,500 ಕಿ.ಮೀ. ಕಾಲುದಾರಿಯ ಮ್ಯೂಸಿಯಂ ತೆರೆಯಿತು. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಉಳಿದ ತಿಂಗಳಲ್ಲೂ ದಿನ, ವೇಳೆ ವಿಚಾರಿಸಿಕೊಂಡೇ ಹೊರಡಿ.

ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯ ದಾಟುವ ಈ ದಾರಿಯ ನಡುಭಾಗ ಇಲ್ಲೇ ಹತ್ತಿರ. ದಾರಿಯನ್ನು ಆಗಾಗ ಅಲ್ಲಿಷ್ಟು ಇಲ್ಲಿಷ್ಟು ತಿರುಗಿಸುವುದರಿಂದ ನಿಖರ ಮಧ್ಯಬಿಂದು ಮಾತ್ರ ಒಂದೆಡೆ ನಿಲ್ಲುವುದಿಲ್ಲ.

ಒಳಗೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅರ್ಲ್ ಶೇಫರ್ ಕಟ್ಟಿದ ಮರದ ತಂಗುದಾಣದ ಮುಂದೆ. ಪೀಟರ್ಸ್ ಮೌಂಟನ್‌ನಲ್ಲಿದ್ದುದನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಇಡೀ ದಾರಿಯನ್ನು ಒಂದೇ ಋತುವಿನಲ್ಲಿ ನಡೆದು ಮುಗಿಸಿದೆನೆಂದು ಮೊದಲು ವರದಿ ಮಾಡಿದವರು ಇವರೇ: 1948ರಲ್ಲಿ, 124 ದಿನಗಳಲ್ಲಿ. ಕೈಯಲ್ಲಿದ್ದದ್ದು ಟ್ರೇಲ್‌ನ ಕೈಪಿಡಿಯಲ್ಲ, ರಸ್ತೆ ನಕ್ಷೆಗಳು. ಆಗಿನ ಉದ್ದ ಸುಮಾರು 3,300 ಕಿ.ಮೀ.; ಭಾಗಿಸಿದರೆ ದಿನಕ್ಕೆ 26 ಕಿ.ಮೀ. ಮೀರುತ್ತದೆ.

ಎಮ್ಮಾ ಗೇಟ್‌ವುಡ್ ಕಥೆ ಹೊರೆಯ ಲೆಕ್ಕ ಹಾಕುವವರಿಗೆ ಪಾಠ. 11 ಮಕ್ಕಳ ತಾಯಿ, 1955ರಲ್ಲಿ 67ನೇ ವಯಸ್ಸಿಗೆ ಒಬ್ಬರೇ ಇಡೀ ದಾರಿ ನಡೆದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ. ಹಾಗೆಂದು ಸಲೀಸಾಗಿ ಆದದ್ದಲ್ಲ: ಹಿಂದಿನ ವರ್ಷ ಮೇಯ್ನ್‌ನಿಂದ ಹೊರಟು ದಾರಿ ತಪ್ಪಿ, ಕನ್ನಡಕ ಒಡೆದು, ಮನೆಗೆ ಮರಳಿದ್ದರು. ಮರುಬಾರಿ ದಕ್ಷಿಣದ ಜಾರ್ಜಿಯಾದಿಂದ ಹೊರಟರು. ಇಂದಿಗೂ ಹೆಚ್ಚಿನವರು ಹಾಗೇ ಹೊರಡುತ್ತಾರೆ. ಮೇಯ್ನ್‌ನ ಕಡಿದಾದ ಬಂಡೆದಾರಿ ಪಳಗದ ಕಾಲಿಗೆ ತಕ್ಕದ್ದಲ್ಲ.

ಈ ಪಾರ್ಕ್‌ನಲ್ಲಿ ಅರ್ಧ ದಾರಿ ಮುಗಿಸಿದವರು ಅರ್ಧ ಗ್ಯಾಲನ್, ಅಂದರೆ 1.89 ಲೀಟರ್ ಐಸ್‌ಕ್ರೀಂ ಒಂದೇ ಸಲ ಕೂತು ತಿನ್ನುವ ರೂಢಿಯಿದೆ. ಕಂಪನಿಗಳು ಡಬ್ಬಿಯನ್ನು 1.42 ಲೀಟರಿಗೆ ಕುಗ್ಗಿಸಿದ ಮೇಲೆ ಉಳಿದ 0.47 ಲೀಟರನ್ನು ಇನ್ನೊಂದು ಸಣ್ಣ ಡಬ್ಬಿಯಿಂದ ತುಂಬಿಸಿಕೊಳ್ಳಬೇಕು. ಬಹುಮಾನ ಪುಟ್ಟ ಮರದ ಚಮಚ. ತಿಂಗಳುಗಟ್ಟಲೆ ನಡೆದ ಹೊಟ್ಟೆಗೆ ಅದು ದಕ್ಕೀತು. ಕಾರಿನಲ್ಲಿ ಬಂದವರಿಗೆ ಒಂದು ಕಪ್ ಧಾರಾಳ ಸಾಕು.