ಹಳ್ಳಿ ಮಂದಿಗೆ ‘ಘಟಶ್ರಾದ್ಧ’ ತೋರಿಸುವ ಕೆಲಸ

ಕಲಬುರಗಿ, ಯಾದಗಿರಿ ಕಡೆ ಮಹಿಳಾ ಸಂಘಗಳಿಗೆ ಸಿನಿಮಾ ಹಾಕಿ ಚರ್ಚೆ ನಡೆಸುವವರು ಪ್ರೊಜೆಕ್ಟರ್ ಹುಡುಕುವ ಮೊದಲೇ ಒಂದು ಮಾತಿಗೆ ತಯಾರಾಗಿರಬೇಕು: “ಅದು ಅವ್ರ ಮಂದಿ ಕಥಿರಿ, ನಮ್ಮಲ್ಲಿ ಹಂಗಿಲ್ಲ.”

‘ಘಟಶ್ರಾದ್ಧ’ ಹಾಕಿದರೆ ಈ ಮಾತು ಲಿಂಗಾಯತರ, ಮುಸ್ಲಿಮರ ಓಣಿಯಿಂದ ಬರುತ್ತದೆ. ‘ಹಸೀನಾ’ ಹಾಕಿದರೆ ಉಳಿದವರಿಂದ. ಎರಡೂ ಗಿರೀಶ ಕಾಸರವಳ್ಳಿಯವರವೇ. 1977ರ ಮೊದಲನೆಯದು ಅನಂತಮೂರ್ತಿಯವರ ಕಥೆ, 2004ರ ಎರಡನೆಯದು ಬಾನು ಮುಷ್ತಾಕ್ ಅವರದು. ‘ಘಟಶ್ರಾದ್ಧ’ದಲ್ಲಿ ಬ್ರಾಹ್ಮಣರ ಅಗ್ರಹಾರದ ವಿಧವೆ ಯಮುನಾ ಗರ್ಭಿಣಿಯಾದಾಗ, ಬದುಕಿರುವಾಗಲೇ ಹೆತ್ತ ಅಪ್ಪ ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಗಂಡು ಹೆರಲಿಲ್ಲ ಎಂದು ಗಂಡ ಬಿಟ್ಟುಹೋದ ಹಸೀನಾ ಜಮಾತಿನ ಹಿರಿಯರ ಬಳಿ ನ್ಯಾಯ ಕೇಳುತ್ತಾಳೆ. ಆದ್ದರಿಂದ ಎರಡನ್ನೂ ಒಂದೇ ವಾರದೊಳಗೆ ತೋರಿಸಿ. ಒಂದಕ್ಕೇ ಸಮಯವಿದ್ದರೆ, ಕೂತವರಲ್ಲಿ ಹೆಚ್ಚಿನವರು ಯಾವ ಧರ್ಮದವರೋ ಅವರ ಮನೆಯೊಳಗಿನ ಕಥೆಯನ್ನೇ ಹಾಕಿ. ಪಕ್ಕದ ಓಣಿಯ ಕಥೆ ಹಾಕಿದರೆ ಚಪ್ಪಾಳೆ ಸಿಗುತ್ತದೆ, ಚರ್ಚೆ ಸಿಗುವುದಿಲ್ಲ.

ಇನ್ನು ಹೊತ್ತು. ಹೆಣ್ಣುಮಕ್ಕಳು ರೊಟ್ಟಿ ಬಡಿದು, ಊಟಕ್ಕೆ ನೀಡಿ ಬರುವಷ್ಟರಲ್ಲಿ ರಾತ್ರಿ ಎಂಟೂವರೆ. 10 ಗಂಟೆಯ ಮೇಲೆ ಬಯಲಿನಲ್ಲಿ ಮೈಕು ಹಚ್ಚುವಂತಿಲ್ಲ. ಮಧ್ಯಾಹ್ನ ಎರಡಕ್ಕೆ ಸಮುದಾಯ ಭವನದ ಒಳಗೆ ಇಡುವುದೇ ಮೇಲು. ತೊಗರಿ ರಾಶಿಯ ದಿನಗಳಲ್ಲಿ ಮಾತ್ರ ಬೇಡ, ಯಾರೂ ಬರುವುದಿಲ್ಲ. ಹಗಲಿನಲ್ಲಿ ಬೆಳಕೇ ವೈರಿ. ‘ಘಟಶ್ರಾದ್ಧ’ ಕಪ್ಪು ಬಿಳುಪಿನದು, ಕತ್ತಲಿನ ದೃಶ್ಯಗಳು ಬಹಳ. ಕಿಟಕಿಯಿಂದ ಒಂದು ಗೆರೆ ಬಿಸಿಲು ಬಿದ್ದರೂ ಯಮುನಾಳ ಮುಖ ಬೂದಿಯಾಗುತ್ತದೆ. ತೆಳು ಪರದೆ ಸಾಲದು; ತಾಡಪತ್ರಿ ಇಲ್ಲವೇ ದಪ್ಪ ಜಮಖಾನ ಹೊರಗಿನಿಂದ ಕಟ್ಟಿ. 8 ಅಡಿ ಅಗಲದ ಬಿಳಿ ಬಟ್ಟೆಗೆ ಸಾಮಾನ್ಯ ಪ್ರೊಜೆಕ್ಟರ್ ಸುಮಾರು 12 ಅಡಿ ದೂರದಲ್ಲಿರಲಿ. ಕರೆಂಟು ಹೋಗಿಯೇ ಹೋಗುತ್ತದೆ. ಪ್ರೊಜೆಕ್ಟರ್, ಸ್ಪೀಕರ್ ಸೇರಿ 400 ವ್ಯಾಟ್ ಎಳೆದರೆ 150 ಆಂಪಿಯರ್-ಅವರ್‌ನ ಒಳ್ಳೆಯ ಬ್ಯಾಟರಿ ಒಂದು ಸಿನಿಮಾ ಮುಗಿಸುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ಮೆಲುದನಿಯ ಮಾತೆಲ್ಲ ಅದರಲ್ಲಿ ಮುಳುಗುತ್ತದೆ. ಯೂಟ್ಯೂಬಿನಲ್ಲಿದೆ ಅಂದಮಾತ್ರಕ್ಕೆ ಊರಿಗೆ ತೋರಿಸಲು ಅನುಮತಿ ಇದೆ ಎಂದಲ್ಲ. ಹಕ್ಕುಳ್ಳವರಿಂದ ಬರವಣಿಗೆಯಲ್ಲಿ ಪಡೆಯಿರಿ.

ಭಾಷೆಯೂ ತೊಡಕೇ. ಅಗ್ರಹಾರದ ಕನ್ನಡ ಇಲ್ಲಿಯ ಕಿವಿಗೆ ದೂರ. ತಾಂಡಾದ ಲಂಬಾಣಿಗರಿಗೆ, ದಖನಿ ಉರ್ದು ಮಾತಾಡುವವರಿಗೆ ಇನ್ನೂ ದೂರ. ಕಥೆಯ ಮೊದಲರ್ಧವನ್ನು ಐದು ನಿಮಿಷದಲ್ಲಿ ಊರಿನವಳೇ ಒಬ್ಬಳು ಊರಿನ ಮಾತಿನಲ್ಲಿ ಹೇಳಲಿ. ಕೊನೆ ಹೇಳಬಾರದು.

ಉದ್ಘಾಟನೆಗೆ ಸ್ವಾಮೀಜಿಯನ್ನೋ ಮೌಲ್ವಿಯನ್ನೋ ಕರೆಯುವ ರೂಢಿ ಇದೆ. ಬೇಡ. ಅವರು ಮೊದಲ ಸಾಲಿನಲ್ಲಿ ಕೂತರೆ ಹಿಂದಿನವರ ಸೆರಗು ತಲೆಯಿಂದ ಇಳಿಯುವುದಿಲ್ಲ, ಬಾಯಿ ತೆರೆಯುವುದಿಲ್ಲ. ಮರುದಿನ ಮನೆಗೇ ಹೋಗಿ ಚಹಾ ಕುಡಿಯುತ್ತ ಮಾತಾಡಿದರೆ ಅವರ ಗೌರವಕ್ಕೂ ಕುಂದಿಲ್ಲ.

ಚಿತ್ರ ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಬೋಳುತಲೆಯ ಯಮುನಾಳನ್ನು ನೋಡಿದವರಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಎರಡು ನಿಮಿಷ ಕತ್ತಲು ಬೇಕು. ಆಮೇಲೆ ಒಂದು ಬಾಗಿಲು ಮಾತ್ರ ತೆಗೆಯಿರಿ.

“ಅಕ್ಕಾರ, ನಿಮಗ ಹಿಂಗ ಆಗ್ಯಾದೇನು?” ಎಂದು ಕೇಳಲೇಬೇಡಿ. ಹೌದೆಂದವಳು ಸಂಜೆ ಅದೇ ಮನೆಗೆ ಹೋಗಬೇಕು. ಗೋಡೆಗೆ ಹಾಳೆ ಹಚ್ಚಿ ಮೂರೇ ಪ್ರಶ್ನೆ ಬರೆಯಿರಿ: ತೀರ್ಪು ಕೊಟ್ಟವರು ಯಾರು? ಅವಳನ್ನು ಕೇಳಿದರೇ? ಗಂಡಸಿಗೆ ಏನಾಯಿತು? ಎರಡೂ ಸಿನಿಮಾಕ್ಕೆ ಅವೇ ಪ್ರಶ್ನೆಗಳು. ಎರಡನೆಯ ದಿನ ಹಳೆಯ ಹಾಳೆ ಪಕ್ಕದಲ್ಲೇ ಇರಲಿ. ಉತ್ತರಗಳು ಒಂದೇ ಥರ ಇರುವುದು ಯಾರೂ ಹೇಳದೆ ಕಾಣುತ್ತದೆ. ಆಗ ಯಾರಾದರೂ ಹಿರಿಯಳು ತಾನಾಗಿ ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವ, ಮಾತು ತೆಗೆಯಬಹುದು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆಯೇ ನಿಷೇಧಿಸಿತು. ಮಾಡಿಸಿದವರು ತಂದೆತಾಯಿಯೇ ಆದರೆ ಆ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಹೆಚ್ಚಿತ್ತು ಎಂಬಷ್ಟು ಗೊತ್ತಿಟ್ಟುಕೊಂಡು ಹೋಗಿ.

ಮಹಿಳಾ ಸಹಾಯವಾಣಿ 181ನ್ನು ಮೈಕಿನಲ್ಲಿ ಕೂಗಬೇಡಿ. ಶೌಚಾಲಯದ ಬಾಗಿಲಿನ ಒಳಮೈಗೆ, ಚಿಲಕದ ಹತ್ತಿರ, ದೊಡ್ಡ ಅಂಕಿಯಲ್ಲಿ ಬರೆದು ಅಂಟಿಸಿ. ಅಲ್ಲಿ ಒಬ್ಬಳೇ ಇರುತ್ತಾಳೆ.