ಹಬ್ಬಕ್ಕೂ ಮುಂಚೆ ಹುಸಿ ನೂಕುನುಗ್ಗಲು

ಗೌರಿ-ಗಣೇಶ, ದಸರಾ, ದೀಪಾವಳಿ ಬಂದರೆ ಬಸ್ ಟಿಕೆಟ್ ಬುಕಿಂಗ್ ನಡೆಸುವವರಿಗೆ ಎದೆ ಢವಢವ. ಬೆಂಗಳೂರಿನಿಂದ ಊರಿಗೆ ಹೊರಡುವವರೆಲ್ಲ ಒಂದೇ ಹೊತ್ತಿಗೆ ಸೀಟಿಗೆ ಮುಗಿಬೀಳುತ್ತಾರೆ. ಅದಕ್ಕೇ ನಮ್ಮಲ್ಲಿ ಪ್ರತಿ ಗುರುವಾರ ರಾತ್ರಿ ಲೋಡ್ ಟೆಸ್ಟ್, ಅಂದರೆ ಹುಸಿ ನೂಕುನುಗ್ಗಲು ಹುಟ್ಟಿಸಿ ಸೈಟ್ ಎಷ್ಟು ತಡೆಯುತ್ತದೆಂದು ನೋಡುವ ಪರೀಕ್ಷೆ. ಆ ವಾರ ಕೋಡ್‌ನಲ್ಲಿ ಒಂದೇ ಸಾಲು ಬದಲಾಗಿದ್ದರೂ ಹುಸಿ ಪ್ರಯಾಣಿಕರನ್ನು ಕಳಿಸುವ ಜೆಮೀಟರ್ ಎಂಬ ಸಾಧನ ಓಡಲೇಬೇಕು.

ಜೆಮೀಟರ್‌ನ ಪ್ರಯಾಣಿಕರಿಗೆ ಮನುಷ್ಯರ ಚಾಳಿ ಕಲಿಸುವುದೇ ದೊಡ್ಡ ಕೆಲಸ. ನಿಜವಾದ ಗಿರಾಕಿ ಸೀಟು ನೋಡಿ, ಮನೆಗೆ ಫೋನ್ ಮಾಡಿ, 'ಕಿಟಕಿ ಪಕ್ಕ ಸಿಕ್ತು, ಮಾಡ್ಲಾ?' ಅಂತ ಕೇಳಿ ಆಮೇಲೆ ದುಡ್ಡು ಕಟ್ಟುತ್ತಾನೆ. ಆ ಬಿಡುವಿಗೆ ಟೈಮರ್ ಇಡಬೇಕು. ಊರು, ತಾರೀಖುಗಳನ್ನು ಸಿಎಸ್‌ವಿ ಫೈಲಿನಿಂದ ಬೇರೆಬೇರೆಯಾಗಿ ಕೊಡಬೇಕು. ಎಲ್ಲರೂ ಹುಬ್ಬಳ್ಳಿ ಬಸ್ಸನ್ನೇ ಹುಡುಕಿದರೆ ಉತ್ತರ ಹಿಂದೆ ಉಳಿಸಿಟ್ಟ ನಕಲಿನಿಂದಲೇ (ಕ್ಯಾಶ್) ಬಂದು, ಗ್ರಾಫ್ ನೋಡಿ ಎಲ್ಲರೂ ಖುಷಿಪಡುತ್ತಾರೆ, ಅಷ್ಟೇ.

ಆ ಗುರುವಾರ 2500 ಹುಸಿ ಪ್ರಯಾಣಿಕರನ್ನು ನಿಧಾನಕ್ಕೆ ಏರಿಸುತ್ತಾ ಹೋದೆವು. ಸೆಕೆಂಡಿಗೆ 50 ಬುಕಿಂಗ್ ಆಗುವಷ್ಟರಲ್ಲಿ ಗ್ರಾಫಿನ ಗೆರೆ ಚಪ್ಪಟೆಯಾಯಿತು. ಹಿಂದಿನ ವಾರ ಇದರ ಮೂರು ಪಟ್ಟು ದಾಟಿತ್ತು. ಸ್ವಲ್ಪ ಹೊತ್ತಿಗೆ ಲಾಗ್ ತುಂಬ ಒಂದೇ ಗೋಳು: ಕಾದು ಕಾದರೂ ಡೇಟಾಬೇಸ್ ಕನೆಕ್ಷನ್ ಸಿಗಲಿಲ್ಲ.

'ಸಿಪಿಯು ಆರಾಮಾಗಿ ಮಲಗಿದೆಯಲ್ಲ ಮಾರಾಯಾ!' ಅಂದ ಪಕ್ಕದ ಗೆಳೆಯ. ಪ್ರತಿ ಥ್ರೆಡ್, ಅಂದರೆ ಕೋರಿಕೆ ನಿಭಾಯಿಸುವ ಕೆಲಸಗಾರ, ಏನು ಮಾಡುತ್ತಿದೆ ಎಂದು ತೋರಿಸುವ ಥ್ರೆಡ್ ಡಂಪ್ ತೆಗೆದೆವು. ನಮ್ಮ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ 200 ಥ್ರೆಡ್‌ಗಳಲ್ಲಿ ಬಹುಪಾಲು ಕನೆಕ್ಷನ್‌ಗಾಗಿ ಸಾಲುಗಟ್ಟಿ ನಿಂತಿದ್ದವು. ಕನೆಕ್ಷನ್ ಸಿಕ್ಕಿದ್ದ ಹತ್ತೂ ಥ್ರೆಡ್‌ಗಳು ಎಸ್‌ಎಂಎಸ್ ಸರ್ವರ್‌ನ ಉತ್ತರಕ್ಕೆ ಕಾಯುತ್ತಿದ್ದವು. ಸೀಟು ಖಾತ್ರಿಯಾದ ಸಂದೇಶವನ್ನು ಆ ವಾರವಷ್ಟೇ ಯಾರೋ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೇ ಸೇರಿಸಿದ್ದರು; ಅದು ಮುಗಿಯುವವರೆಗೆ ಕನೆಕ್ಷನ್ ಬಿಡುವಂತಿಲ್ಲ.

ಲೆಕ್ಕ ಸರಳ. ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಹಿಕಾರಿ ಪೂಲ್‌ನ ಡೀಫಾಲ್ಟ್ 10 ಕನೆಕ್ಷನ್. ಮೊದಲು ಒಂದು ಬುಕಿಂಗ್ ಕನೆಕ್ಷನ್ ಹಿಡಿದಿರುತ್ತಿದ್ದದ್ದು ಸುಮಾರು 50 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 200ರವರೆಗೆ ಜಾಗವಿತ್ತು. ನಮ್ಮ ನಕಲಿ ಎಸ್‌ಎಂಎಸ್ ಸರ್ವರ್‌ಗೆ ಬೇಕೆಂದೇ ಇಟ್ಟಿದ್ದ 150 ಮಿಲಿಸೆಕೆಂಡ್ ತಡ ಸೇರಿ ಅದು 200 ಆಯಿತು, 10ನ್ನು 0.2ರಿಂದ ಭಾಗಿಸಿದರೆ 50. ಆ ತಡ ಇಡದೇ ಹೋಗಿದ್ದರೆ ಇದು ಹಬ್ಬದ ದಿನವೇ ಗೊತ್ತಾಗುತ್ತಿತ್ತು.

ಪೂಲ್ 100ಕ್ಕೆ ಏರಿಸಿಬಿಡೋಣ ಎಂಬ ಸಲಹೆ ತಕ್ಷಣ ಬಂತು. ಇಂಥ ಸಲಹೆ ಯಾವಾಗಲೂ ತಕ್ಷಣವೇ ಬರುತ್ತದೆ. ಆದರೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಒಟ್ಟು ಒಪ್ಪುವುದೇ 100 ಕನೆಕ್ಷನ್. ಲೈವ್‌ನಲ್ಲಿ ನಮ್ಮ ಆ್ಯಪ್ ಸರ್ವರ್‌ಗಳು ನಾಲ್ಕು, ಅಂದರೆ ಕೇಳುವುದು 400. ಅದರ ಬದಲು ಎಸ್‌ಎಂಎಸ್ ಕೆಲಸವನ್ನು ಕಮಿಟ್ ಆದ ಮೇಲೆ, ಅಂದರೆ ಟ್ರಾನ್ಸಾಕ್ಷನ್ ಮುಗಿದ ಮೇಲೆ, ಕ್ಯೂಗೆ (ಸರದಿ ಸಾಲಿಗೆ) ಹಾಕಿದೆವು. ಗೆರೆ ಮತ್ತೆ ಹಳೆಯ ಎತ್ತರಕ್ಕೆ ಏರಿತು.

ಬೆಳಿಗ್ಗೆ ಮ್ಯಾನೇಜರ್, 'ಟಿಕೆಟ್ ಆಯ್ತು, ಮೆಸೇಜ್ ಎರಡು ನಿಮಿಷ ಲೇಟಾಗಿ ಬರ್ತಿದೆಯಲ್ಲ?' ಅಂದರು. ಈಗ ಕ್ಯೂ ಎಷ್ಟು ಉದ್ದವಿದೆ ಎಂದು ತೋರಿಸಲೂ ಒಂದು ಗ್ರಾಫ್ ಇದೆ.